ನೇಣುಗಾರನ ತಲೆಗೇ ಕಟ್ಟಿದ ಹೊಣೆ

ಕಾರಾಗೃಹ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ನೀವು ನನ್ನ ಅಪ್ಪನ ನಿದ್ದೆ ಕೆಡಿಸಿದ್ದೀರಿ. ಬೇಕೆಂದು ಮಾಡಿದ್ದಲ್ಲ, ಸನ್ಮಾನ ಮಾಡುವ ಭರದಲ್ಲಿ ಆದದ್ದು, ಗೊತ್ತು. ಆದರೆ ಕೆಟ್ಟ ನಿದ್ದೆ ಕೆಟ್ಟೇ ಹೋಗಿದೆ. ನಿಮ್ಮ ಕಚೇರಿಗೆ ಫೋನ್ ಮಾಡಿದಾಗಲೆಲ್ಲ "ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ" ಎನ್ನುತ್ತಾರೆ. ಆದ್ದರಿಂದ ನಾಲ್ಕು ಜನರಿಗೆ ಕೇಳುವ ಹಾಗೆ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಅಪ್ಪ ನಿಮ್ಮ ಇಲಾಖೆಯ ನಿವೃತ್ತ ನೇಣುಗಾರ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಮಗಳು. "ನಿಮ್ಮ ತಂದೆ ಎಲ್ಲಿದ್ರು?" ಎಂದು ಯಾರಾದರೂ ಕೇಳಿದರೆ "ಜೈಲಲ್ಲಿದ್ರು" ಎಂದುಬಿಡುತ್ತೇನೆ. ಕೇಳಿದವರು ಅಪ್ಪನನ್ನು ಕಳ್ಳನೆಂದುಕೊಂಡು, ಪಾಪ, ಮಾತು ಬದಲಿಸುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಕಳ್ಳನ ಮಗಳು ಅನ್ನಿಸಿಕೊಳ್ಳುವುದೇ ನನಗೆ ಎಷ್ಟೋ ವಾಸಿ ಎನಿಸಿತ್ತು. ಎಂಥ ನಾಚಿಕೆಗೇಡಿ ಮಗಳು ನೋಡಿ.

ಹೋದ ತಿಂಗಳು ನಿಮ್ಮ ಸಭಾಂಗಣದಲ್ಲಿ ಆ ಪ್ರಶಸ್ತಿ ಬಂದ ಚಿತ್ರವನ್ನು ತೋರಿಸಿದಿರಿ. ನಮ್ಮದೇ ದೇಶದ ಕಲಾತ್ಮಕ ಚಿತ್ರ, ಗಲ್ಲಿಗೇರಿಸುವವನೊಬ್ಬನ ಪಾಪಪ್ರಜ್ಞೆಯ ಕಥೆ. ಅದರಲ್ಲಿ ನೇಣುಗಾರ ಮಾತೇ ಆಡುವುದಿಲ್ಲ. ಕುಡಿಯುತ್ತಾನೆ, ಕೈ ತೊಳೆಯುತ್ತಾನೆ, ಗೋಡೆ ನೋಡುತ್ತಾನೆ, ಎದ್ದು ಹೋಗಿ ಮತ್ತೆ ಕೈ ತೊಳೆಯುತ್ತಾನೆ. ಗೇಲಿ ಮಾಡುತ್ತಿಲ್ಲ, ಒಳ್ಳೆಯ ಚಿತ್ರವೇ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದ ಕುರ್ಚಿಯಲ್ಲಿದ್ದ ಅಪ್ಪ ನನ್ನ ಬೆನ್ನು ಸವರಿ, "ಯಾಕಮ್ಮಾ ಅಳ್ತೀಯಾ, ಅವನು ನಟ ಅಲ್ವಾ, ಮನೆಗೆ ಹೋಗಿ ಆರಾಮಾಗಿ ಊಟ ಮಾಡಿರ್ತಾನೆ" ಎಂದರು. ಪರದೆಯ ಮೇಲಿನವನಿಗೆ ಅಷ್ಟು ಅತ್ತವಳು, ಪಕ್ಕದಲ್ಲಿ ಕೂತ ನಿಜವಾದ ನೇಣುಗಾರರನ್ನು ಇಷ್ಟು ವರ್ಷ ಒಂದು ಮಾತು ಕೇಳಿರಲಿಲ್ಲ.

ಮುಂದಿನ ಸಾಲಿನಲ್ಲಿ ನೀವೂ ಕರವಸ್ತ್ರ ತೆಗೆದಿರಿ. ನಿಮ್ಮ ಆಚೆ ಈಚೆ, ತೀರ್ಪು ಬರೆಯುವವರು, ಕ್ಷಮಾದಾನದ ಅರ್ಜಿ ತಳ್ಳಿಹಾಕುವವರು, ದಿನ ಗೊತ್ತುಮಾಡುವವರು ಕೂತಿದ್ದರು. ಎಲ್ಲರ ಮನಸ್ಸೂ ಕರಗಿತ್ತು. ಆದರೆ ಮಾನ್ಯರೇ, ಆ ಇಡೀ ಚಿತ್ರದಲ್ಲಿ ಕಚೇರಿಯ ದೃಶ್ಯ ಒಂದೂ ಇರಲಿಲ್ಲ, ಗಮನಿಸಿದಿರಾ? ಒಂದು ಮೇಜಿಲ್ಲ, ಒಂದು ಪೆನ್ನಿಲ್ಲ. ಪಾಪಪ್ರಜ್ಞೆಯೆಂಬುದು ಇಲಾಖೆಯ ಕಟ್ಟಕಡೆಯ ದರ್ಜೆಯ ನೌಕರನಿಗೆ ಮಾತ್ರ ಮಂಜೂರಾದ ಸೌಲಭ್ಯದಂತಿತ್ತು. ಮೇಲಿನವರಿಗೆ ಅದು ಅನ್ವಯಿಸುವುದಿಲ್ಲವೇ? ಬಡ್ತಿ ಸಿಕ್ಕ ಕೂಡಲೇ ವಾಸಿಯಾಗುವ ಕಾಯಿಲೆಯೇ ಅದು?

ಚಿತ್ರ ಮುಗಿದ ಮೇಲೆ ಅಪ್ಪನನ್ನು ವೇದಿಕೆಗೆ ಕರೆದು, ಕೈಗೊಂದು ಗಾಜಿನ ಸ್ಮರಣಿಕೆ ಕೊಟ್ಟು, ಮೈಕಿನಲ್ಲಿ ಹೇಳಿದಿರಿ: "ಆ ಸಾವುಗಳ ಭಾರವನ್ನೆಲ್ಲ ಒಬ್ಬರೇ ಹೊತ್ತವರು ಈ ಹಿರಿಯರು. ಅಧಿಕಾರಿಗಳಾದ ನಾವು ನಿಮಿತ್ತ ಮಾತ್ರ." ಸಭಾಂಗಣವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಮೊದಲು ಎದ್ದವಳು ನಾನು. ಜೀವನದಲ್ಲಿ ಮೊದಲ ಸಲ ಅಪ್ಪನ ಬಗ್ಗೆ ಹೆಮ್ಮೆಯಾಯಿತು. ಅಪ್ಪನ ಮುಖ ಬಿಳಿಚಿಕೊಂಡದ್ದು ಕಂಡಿತು, ಸಂಕೋಚವಿರಬೇಕು ಎಂದುಕೊಂಡೆ.

ಓದುಗರಿಗಾಗಿ ಒಂದು ವಿಷಯ ಹೇಳಬೇಕು. ನಿಮಗೆ ಅದು ಚೆನ್ನಾಗಿಯೇ ಗೊತ್ತು. ಅಪ್ಪ ಕೆಲಸ ಮಾಡಿದ ಜೈಲಿನಲ್ಲಿ ಒಂದು ಪದ್ಧತಿ ಇತ್ತು. ಗಲ್ಲಿನ ಹಲಗೆ ಬೀಳಿಸುವ ಲಿವರ್ ಎಳೆಯುವ ಮೊದಲು ಅಧಿಕಾರಿ ನೇಣುಗಾರನ ಬಲಗೈ ಹಿಡಿದು, ಸಾಕ್ಷಿಗಳ ಮುಂದೆ, "ಇದು ನನ್ನ ಆಜ್ಞೆ, ಇದರ ಹೊಣೆ ನನ್ನದು" ಎಂದು ಗಟ್ಟಿಯಾಗಿ ಹೇಳಬೇಕು. ಅಪ್ಪ "ಆಗಲಿ ಸ್ವಾಮಿ" ಎಂದ ಮೇಲೆಯೇ ಕೆಲಸ. ಒಮ್ಮೆ ಅಧಿಕಾರಿಯೊಬ್ಬರು ಅದನ್ನು ಗೊಣಗಿಬಿಟ್ಟರಂತೆ. ಅಪ್ಪ ಕೈ ಬಿಡದೆ, "ಸ್ವಾಮಿ, ಕೇಳಿಸ್ಲಿಲ್ಲ" ಎಂದು ಇನ್ನೊಮ್ಮೆ ಹೇಳಿಸಿದರಂತೆ. ಅಪ್ಪನಿಗೆ ಅದು ಬರೀ ಮಾತಾಗಿರಲಿಲ್ಲ. ಒಬ್ಬರ ತಲೆಯ ಮೇಲಿನ ಮೂಟೆಯನ್ನು ಇನ್ನೊಬ್ಬರು ಇಳಿಸಿಕೊಳ್ಳುವಂತೆ, ನಿಜವಾಗಿ ನಡೆಯುವ ಕೆಲಸವಾಗಿತ್ತು. ಅಪ್ಪನ ಕೊನೆಯ ಕೆಲಸದ ದಿನ ಹಾಗೆ ಕೈ ಹಿಡಿದು ಹೇಳಿದ ಯುವ ಅಧಿಕಾರಿ ನೀವೇ.

ಅದಕ್ಕೇ ಅಪ್ಪ ವೇದಿಕೆಯ ಮೆಟ್ಟಿಲ ಬಳಿ ನಿಮ್ಮನ್ನು ನಿಲ್ಲಿಸಿ ಕೇಳಿದ್ದು: "ಸ್ವಾಮಿ, ಹೊಣೆ ನಂದು ಅಂತ ನೀವು ಅವತ್ತು ಹೇಳಿದ್ರಲ್ಲ?" ನೀವು ಅವರ ಭುಜ ತಟ್ಟಿ ನಕ್ಕಿರಿ. "ಅಯ್ಯೋ ಯಜಮಾನ್ರೇ, ಅದೆಲ್ಲ ಒಂದು ಪದ್ಧತಿ ಅಷ್ಟೇ. ಬಾಯಿಮಾತಿಗೆ ಹೇಳೋದು." ಹಾಗೆಂದು ಕಾಫಿಯ ಕಡೆ ನಡೆದಿರಿ. ನಾನು ಅಲ್ಲೇ ಇದ್ದೆ. ನಿಮ್ಮ ಜೊತೆ ನಾನೂ ನಕ್ಕೆ. ಸಾಹೇಬರು ನಕ್ಕಾಗ ನಗುವುದು ನಮ್ಮಂಥವರಿಗೆ ಅಭ್ಯಾಸವಾಗಿ ಹೋಗಿದೆ. ಆ ನಗುವನ್ನು ನೆನೆದರೆ ಈಗ ನೆಲ ಬಿರಿದು ಒಳಗೆ ಎಳೆದುಕೊಳ್ಳಬಾರದೇ ಎನಿಸುತ್ತದೆ.

ಅಂದಿನಿಂದ ಅಪ್ಪ ಮಲಗಿಲ್ಲ. ಊರಿಗೆಲ್ಲ ನಿದ್ದೆ ಮಾತ್ರೆ ಕೊಡುವವಳು ನಾನು, ನನ್ನ ಮನೆಯಲ್ಲಿ ಅದು ನಡೆಯುತ್ತಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು: "ಆಗ ನಂಗೆ ಚೆನ್ನಾಗಿ ನಿದ್ದೆ ಬರ್ತಿತ್ತು ಕಣಮ್ಮ. ಕೆಲಸ ಮುಗಿಸಿ ಬಂದು, ನಿನ್ನ ಸ್ಕೂಲಿಗೆ ಕಳಿಸಿ, ಹೊದ್ಕೊಂಡು ಮಲಗಿಬಿಡ್ತಿದ್ದೆ. ಅವರು ಹೊತ್ಕೊಂಡಿದಾರಲ್ಲ ಅಂತ. ಈಗ ನೋಡಿದ್ರೆ ಯಾರೂ ಹೊತ್ಕೊಂಡೇ ಇಲ್ಲ. ಹಾಗಾದ್ರೆ ಇಷ್ಟು ವರ್ಷ ಅದು ಎಲ್ಲಿತ್ತು?"

"ನನ್ನ ತಲೆ ಮೇಲೆ ಹಾಕಿಬಿಡಿ ಅಪ್ಪ. ಅದೇ ಸಂಬಳದಲ್ಲಿ ಓದಿದವಳಲ್ವಾ ನಾನು?" ಎಂದೆ. "ನೀನೇನು ಆಜ್ಞೆ ಕೊಟ್ಟಿದ್ಯಾ? ಸುಮ್ನೆ ಊಟ ಮಾಡು" ಎಂದು ಗದರಿದರು.

ಅಪ್ಪ ಏನೂ ಮಾಡಿಲ್ಲ ಎಂದು ನಾನು ವಾದಿಸುತ್ತಿಲ್ಲ. ಲಿವರ್ ಎಳೆದ ಕೈ ಅವರದೇ. ಬೆಳಿಗ್ಗೆ ನನಗೆ ಜಡೆ ಹಾಕುತ್ತಿದ್ದುದೂ ಅದೇ ಕೈ, ಅದನ್ನು ಈಗ ಯೋಚಿಸಿದರೆ ನನ್ನ ನೆತ್ತಿ ತಣ್ಣಗಾಗುತ್ತದೆ. ಅವರ ಪಾಲಿನದನ್ನು ಅವರು ಹೊರಲಿ, ನಾನೂ ಕೈ ಕೊಡುತ್ತೇನೆ. ಆದರೆ ನಿಮ್ಮ ಪಾಲನ್ನೂ ಹೂಗುಚ್ಛದ ಹಾಗೆ ಕಟ್ಟಿ ಅವರ ಮಡಿಲಿಗೆ ಹಾಕಿದಿರಲ್ಲ, ಅದಕ್ಕೆ ಸನ್ಮಾನ ಎಂದು ಹೆಸರಿಟ್ಟಿರಲ್ಲ, ನಾಚಿಕೆಯಾಗಲಿಲ್ಲವೇ? ಎದ್ದು ನಿಂತು ಚಪ್ಪಾಳೆ ತಟ್ಟಿದ ನನಗಂತೂ ಆಗುತ್ತಿದೆ.

ನನ್ನ ಬೇಡಿಕೆ ಇಷ್ಟೇ. ನಮ್ಮ ಮನೆಗೆ ಬನ್ನಿ. ಅಪ್ಪನ ಬಲಗೈ ಹಿಡಿದು ಆ ಮಾತನ್ನು ಇನ್ನೊಮ್ಮೆ ಹೇಳಿ, ಈ ಸಲ ಮನಸ್ಸಿಟ್ಟು. ನೀವು ಬಂದೇ ಬರುತ್ತೀರಿ ಎಂದು ಅವರು ನಂಬಿದ್ದಾರೆ. "ಪಾಪ, ಸಾಹೇಬ್ರಿಗೆ ಅವತ್ತು ಗಡಿಬಿಡಿ ಇತ್ತು. ಕೊಟ್ಟ ಮಾತು ಇಲ್ಲ ಅಂತಾರಾ?" ಎನ್ನುತ್ತಾರೆ. ದಿನಾ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದುರಿನ ಕುರ್ಚಿ ಒರೆಸಿಟ್ಟು ಬಾಗಿಲ ಕಡೆ ನೋಡುತ್ತಾ ಕೂರುತ್ತಾರೆ. ಆ ಕುರ್ಚಿಯ ಮೇಲೆ ನನ್ನನ್ನೂ ಕೂರಲು ಬಿಡುವುದಿಲ್ಲ. ನಿಮಗೆ ಆ ಮಾತು ಹೇಳಲು ಮನಸ್ಸಿಲ್ಲದಿದ್ದರೆ, ಇಲ್ಲ ಎಂಬುದನ್ನಾದರೂ ನೀವೇ ಬಂದು ಹೇಳಿ. ಅವರ ಮುಖ ನೋಡಿ ಅದನ್ನು ಹೇಳುವ ಧೈರ್ಯ ನನಗಿಲ್ಲ.

ಇಂತಿ,
ಆ ಕೈಯ ತುತ್ತು ತಿಂದು ಬೆಳೆದು, ಇನ್ನೂ ಆ ಕೈ ಹಿಡಿಯಲು ಅಂಜುವ
ಒಬ್ಬಳು ಮಗಳು