ಎರಡು ರಿಂಗಿನ ಮಾತು

ನನ್ನ ಮೊಂಡು ತಂಗಿಗೆ,

ನಿನ್ನ ವಿಳಾಸ ಗೊತ್ತಿಲ್ಲ. ಅದಕ್ಕೇ ಇದನ್ನು ಪತ್ರಿಕೆಯವರಿಗೆ ಕೊಡುತ್ತಿದ್ದೇನೆ. ನಾಲ್ಕು ಜನ ಓದಿದರೆ ಓದಲಿ, ಅವರಲ್ಲಿ ನೀನೊಬ್ಬಳಿದ್ದರೆ ಸಾಕು.

ದೂರದ ಕರೆ ದುಬಾರಿಯಾಗಿದ್ದ ಕಾಲದಲ್ಲಿ ಅಪ್ಪ ಕಲಿಸಿದ ಜಾಣತನ ಅದು: ಹೋದ ಊರು ಮುಟ್ಟಿದ ಮೇಲೆ ಮನೆಗೆ ಎರಡು ರಿಂಗ್ ಕೊಟ್ಟು ಇಟ್ಟುಬಿಡುವುದು. ‘ತಲುಪಿದೆ’ ಎಂದರ್ಥ, ಖರ್ಚಿಲ್ಲ. ನೀನು ಅವನ ಮಾತು ಮೀರಿ ಮದುವೆಯಾಗಿ ಹೋದಾಗ, ‘ಇನ್ನು ಈ ಮನೇಲಿ ಯಾರೂ ಅವಳ ಜೊತೆ ಮಾತಾಡಕೂಡದು’ ಎಂದು ಗುಡುಗಿದ. ಮಾತಾಡಬಾರದು ಅಂದನೇ ಹೊರತು ರಿಂಗ್ ಕೊಡಬಾರದು ಅನ್ನಲಿಲ್ಲವಲ್ಲ! ಪ್ರತಿ ಭಾನುವಾರ ಬೆಳಿಗ್ಗೆ ಹಜಾರದ ಫೋನ್ ಎರಡು ಸಲ ಬಡಿದು ಸುಮ್ಮನಾಗುತ್ತಿತ್ತು. ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು, ‘ಚೆನ್ನಾಗಿದ್ದಾಳೆ’ ಅನ್ನುತ್ತಿದ್ದಳು. ಅಪ್ಪ ಎರಡನೇ ರಿಂಗ್ ನಿಲ್ಲುವವರೆಗೂ ಪೇಪರಿನ ಪುಟ ತಿರುವುತ್ತಿರಲಿಲ್ಲ.

ಹೋದ ವರ್ಷ ಸರ್ಕಾರ ಹಳೆಯ ತಂತಿ ಫೋನುಗಳನ್ನೆಲ್ಲ ಮುಚ್ಚಿ, ಇಡೀ ಊರಿನ ಸಂಪರ್ಕವನ್ನು ಒಂದೇ ಕಂಪನಿಯ ಕೈಗಿಟ್ಟಿತು. ಬೀದಿಯ ತಾಮ್ರದ ತಂತಿಯನ್ನು ಸುತ್ತಿ ಲಾರಿಗೆ ಹಾಕಿಕೊಂಡು ಹೋದರು. ನಂಬರು ಅದೇ ಇರುತ್ತದೆ ಎಂದು ಹೇಳಿ, ಗೋಡೆಗೊಂದು ಮಿಣುಕುವ ಬಿಳಿ ಡಬ್ಬಿ ಹೊಡೆದರು. ಆ ಭಾನುವಾರ ಫೋನ್ ಬಡಿಯಲಿಲ್ಲ. ಮುಂದಿನ ಭಾನುವಾರವೂ ಇಲ್ಲ.

ವಿಚಾರಿಸಿದರೆ, ಜನರನ್ನು ಮೋಸದ ಕರೆಗಳಿಂದ ಕಾಪಾಡಲು ಹೊಸ ನಿಯಮವಂತೆ. ಕಂಪನಿಯಲ್ಲಿ ನೋಂದಾಯಿಸದ ನಂಬರಿನ ಕರೆ ಮನೆಯೊಳಗೆ ಬರುವುದಿಲ್ಲ. ಕರೆ ಮಾಡಿದವರ ಕಿವಿಗೆ ಮಾತ್ರ ರಿಂಗ್ ಕೇಳುತ್ತಲೇ ಇರುತ್ತದೆ. ಅಂದರೆ ನೀನು ಅಲ್ಲಿ ಎರಡು ರಿಂಗ್ ಕೇಳಿಸಿಕೊಂಡು, ಅಮ್ಮನಿಗೆ ಮುಟ್ಟಿತು ಎಂದು ಸಮಾಧಾನವಾಗಿ ಇಡುತ್ತಿದ್ದೀಯ.

ಕಂಪನಿಯ ಕೌಂಟರಿನಲ್ಲಿದ್ದವಳು, ‘ಅವರ ನಂಬರ್ ಹೇಳಿ ಮೇಡಂ, ಈಗ್ಲೇ ಸೇರಿಸ್ತೀನಿ’ ಅಂದಳು. ನಿನ್ನ ನಂಬರು ನಮಗೆಲ್ಲಿ ಗೊತ್ತು? ಹಳೆಯ ಫೋನಿನಲ್ಲಿ ಅದನ್ನು ತೋರಿಸುವ ಪರದೆಯೇ ಇರಲಿಲ್ಲ. ನಿಯಮ ಸಡಿಲಿಸಿ ಎಂದರೆ ಕಂಪನಿ ಸರ್ಕಾರದ ಕಡೆ ಬೆರಳು ತೋರಿಸಿತು, ಸರ್ಕಾರಿ ಕಚೇರಿ ಕಂಪನಿಯ ಕಡೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಅವರಿಬ್ಬರೂ ಒಂದಾಗಿದ್ದಕ್ಕೇ ಬಡವಾಯಿತು.

ಅಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ‘ಸುಮ್ನಿರು, ಅವಳಿಗೆ ಈಗ ನನ್ನ ಮೇಲೂ ಕೋಪ’ ಅಂದಳು. ಹಾಸಿಗೆ ಹಿಡಿದ ಮೇಲೆ ಒಂದು ದಿನ, ‘ಎರಡು ರಿಂಗ್ ಬಂತಮ್ಮ, ನೀನು ಮಲಗಿದ್ದೆ’ ಎಂದೆ. ‘ನಂಗೆ ಕಾಲು ಹೋಗಿದೆ, ಕಿವಿ ಹೋಗಿಲ್ಲ’ ಅಂದಳು. ಆಮೇಲೆ ರಿಂಗ್ ಬಂತೇ ಎಂದು ಕೇಳುವುದನ್ನೇ ಬಿಟ್ಟಳು. ಚಳಿ ಮುಗಿಯುವ ಮೊದಲೇ ಅಮ್ಮ ಹೋಗಿಬಿಟ್ಟಳು. ನಿನಗೆ ತಿಳಿಸಲು ದಾರಿಯಿರಲಿಲ್ಲ, ತಂಗಿ.

ಕಂಪನಿಗೆ ಹಣ ಕಟ್ಟಿದ ವ್ಯಾಪಾರಿಗಳ ಕರೆ ಮಾತ್ರ ಸಲೀಸಾಗಿ ಒಳಗೆ ಬರುತ್ತದೆ. ದಿನವೂ ಯಾರೋ ಒಬ್ಬ ಹುಡುಗಿ ಸಾಲ ಬೇಕೇ, ವಿಮೆ ಬೇಕೇ ಎಂದು ಕೇಳುತ್ತಾಳೆ. ಪ್ರತಿ ಸಲವೂ ಎದ್ದುಬಿದ್ದು ಓಡುವವನು ಅಪ್ಪ. ಅವಳು ಹೇಳುವುದನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ, ‘ಊಟ ಆಯ್ತಾ ಮಗಳೇ?’ ಅನ್ನುತ್ತಾನೆ.

ಫೋನ್ ಮಾಡಬೇಡ. ಬಂದುಬಿಡು.

ಎಲ್ಲಿದ್ದರೂ ನಿನ್ನ ಮನೆ ತಣ್ಣಗಿರಲಿ,
ನಿನ್ನ ಅಕ್ಕ