ನಿನ್ನೆಯ ಕೋಣೆಯಲ್ಲಿ ಸಿಕ್ಕ ಕತ್ತರಿ

ಗುರುವಾರ, ಒಂಬತ್ತನೇ ತಾರೀಖು

ಕಾಣೆಯಾಗಿದ್ದ ನನ್ನ ಕತ್ತರಿ ಸಿಕ್ಕಿತು. ಸಿಕ್ಕಿತು ಅಂದರೆ, ಎರಡು ತುಂಡಾಗಿ. ಆದರೂ ನಗು ತಡೆಯಲಾಗುತ್ತಿಲ್ಲ.

ಮಗಳು ನಮ್ಮಿಬ್ಬರಿಗೆ ಇಂಗ್ಲಿಷ್ ಕಲಿಸಲು ಮನೆಯನ್ನೇ ಹಂಚಿಬಿಟ್ಟಿದ್ದಾಳೆ. ಅಡುಗೆಮನೆಯಲ್ಲಿ ಈಗ ಮಾಡುತ್ತಿರುವುದನ್ನು ಮಾತ್ರ ಹೇಳಬೇಕು, ಮೆಟ್ಟಿಲ ಮೇಲೆ ನಾಳೆಯದು, ನನ್ನ ಹೊಲಿಗೆ ಕೋಣೆಯಲ್ಲಿ ಬರೀ ಆಗಿಹೋದದ್ದು. ಇವರು ಐದು ದಿನದಿಂದ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಸಂಕೋಚ ಅಂದುಕೊಂಡಿದ್ದೆ.

ಇವತ್ತು ಸಂಜೆ ಮಗಳು ಎಳೆದು ತಂದು ಕೂರಿಸಿದಳು. "ಅಪ್ಪಾ, ಈ ವಾರ ಏನೇನ್ ಮಾಡಿದ್ರಿ? ಮೂರು ವಾಕ್ಯ ಹೇಳಿ."

ಇವರು ಹೊಲಿಗೆ ಮೆಷಿನ್ನನ್ನೇ ನೋಡುತ್ತಾ, "ಐ ಟುಕ್ ಸಿಸರ್ಸ್. ಐ ಕಟ್ ವೈರ್. ಸಿಸರ್ಸ್ ಬ್ರೋಕ್," ಅಂದರು.

"ಸೂಪರ್ ಅಪ್ಪಾ! ಒಂದೂ ತಪ್ಪಿಲ್ಲ!" ಮಗಳು ಚಪ್ಪಾಳೆ ತಟ್ಟಿದಳು.

"ತಪ್ಪಿಲ್ವಾ? ನನ್ನ ಬಟ್ಟೆ ಕತ್ತರೀಲಿ ತಂತಿ ಕತ್ತರಿಸಿದ್ರಾ?" ಅಂದೆ.

"ನಮ್ಮ ಮಾತಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ ಕಣೇ."

ಇಪ್ಪತ್ತು ವರ್ಷದಲ್ಲಿ ಇವರು ಒಪ್ಪಿಕೊಂಡ ಮೊದಲ ತಪ್ಪು, ಅದೂ ಇಂಗ್ಲಿಷಿನಲ್ಲಿ! ಬೈಯಬೇಕಾದವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ನಗು ನಿಂತ ಮೇಲೆ ಮಹಡಿಯಲ್ಲಿರುವ ಓರಗಿತ್ತಿ ನೆನಪಾದಳು. ಕತ್ತರಿ ಅವಳೇ ಒಯ್ದಿದ್ದಾಳೆಂದು ಐದು ದಿನದಿಂದ ಅವಳಿಗೆ ಮುಖ ಕೊಟ್ಟು ಮಾತಾಡಿಲ್ಲ. ಪಾಪ, ನಿನ್ನೆಯೂ "ಊಟ ಆಯ್ತಾ ಅಕ್ಕಾ?" ಅಂದಿದ್ದಳು. ನಾನು ಕೇಳಿಸದವಳ ಹಾಗೆ ಬಕೆಟ್ ತೊಳೆಯುತ್ತಿದ್ದೆ.

ನಾಳೆ ಬೆಳಿಗ್ಗೆಯೇ ಹೋಗುತ್ತೇನೆ. ಮೆಟ್ಟಿಲು ಹದಿನೆಂಟಿವೆ. ಹದಿನೆಂಟು ಸಲ "ಐ ವಿಲ್ ಸೇ ಸಾರಿ" ಎಂದು ಅಭ್ಯಾಸ ಮಾಡಿಕೊಳ್ಳಬಹುದು. ಆದರೆ ಅವಳು ಬಾಗಿಲು ತೆಗೆದಳೆಂದರೆ, ಇವರ ಹಾಗೆ ಇಂಗ್ಲಿಷಿನ ಹಿಂದೆ ಅಡಗಿಕೊಳ್ಳುವ ಹಾಗಿಲ್ಲ.