ಕಾಲ್ಬೆರಳಿನ ಹಗ್ಗ

ಟ್ಯೂನಿಸ್, ಮಂಗಳವಾರ

ಖೆಮೈಸ್ ಚಿಕ್ಕಪ್ಪಾ, ಇನ್ನು ನಿಶ್ಚಿಂತೆಯಿಂದ ಊಟ ಮಾಡಿ. ಹೊಸ ಚಿಕಿತ್ಸೆಯ ಪ್ರಯೋಗದಲ್ಲಿ ಅಪ್ಪನ ಸರದಿ ಇವತ್ತು ಮುಗಿಯಿತು. ಶ್ವಾಸಕೋಶಕ್ಕೆ ಸೂಜಿ ಇಳಿಸಿ ಕ್ಯಾನ್ಸರ್ ಗಡ್ಡೆಯನ್ನು ಸುಟ್ಟರು. ಪೂರ್ತಿ ಸುಟ್ಟಿದೆ ಎಂದು ಪರದೆ ನೋಡಿ ಡಾಕ್ಟರೇ ಹೇಳಿದರು.

ಸೂಜಿ ಇಳಿಸುವಾಗ ಉಸಿರು ಹಿಡಿಯಬೇಕಂತೆ. ಅಪ್ಪ ಹಿಡಿದರು. "ಬಿಡಿ" ಎಂದರೂ ಬಿಡಲಿಲ್ಲ! ಎಲ್ಲರಿಗೂ ಗಾಬರಿ. ಕೊನೆಗೆ ಬಿಟ್ಟು, "ಸಮುದ್ರದಡಿ ಸ್ಪಂಜು ಕೀಳ್ತಿದ್ದವನಮ್ಮಾ ನಾನು. ಮೇಲಿಂದ ಹಗ್ಗ ಎಳೆಯೋವರ್ಗೂ ಉಸಿರು ಬಿಟ್ಟು ಅಭ್ಯಾಸ ಇಲ್ಲ" ಅಂದರಂತೆ. ನರ್ಸ್ ನಜೀಹಾ ಅಪ್ಪನ ಕಾಲ್ಬೆರಳಿಗೆ ಬ್ಯಾಂಡೇಜು ಪಟ್ಟಿ ಕಟ್ಟಿ, ಆಮೇಲೆ ಉಸಿರು ಬಿಡಬೇಕಾದ ಪ್ರತಿ ಸಲವೂ ಅದನ್ನು ಎಳೆದಳು.

ಸ್ವಲ್ಪ ನೋವಿದೆ, ಜ್ವರವಿಲ್ಲ. ಶುಕ್ರವಾರ ಬಸ್ಸು ಹತ್ತುತ್ತೇವೆ.

ಕಾರ್ಡಿನಲ್ಲಿ ಇನ್ನು ಜಾಗವಿಲ್ಲ, ಆದರೂ ಅಪ್ಪ ಬರೆಸುತ್ತಿದ್ದಾರೆ: "ನನ್ನ ಹಗ್ಗ ಹಿಡೀತಿದ್ನಲ್ಲ ನನ್ನ ತಮ್ಮ, ಅವನಿಗೆ ಹೇಳು. ಈ ನರ್ಸ್ ಹುಡುಗಿ ಅವನ ಥರ ದೋಣೀಲಿ ತೂಕಡಿಸಲ್ಲ!"

ನಿಮ್ಮ ದೊರ್ಸಾಫ್